ರೆನಾಲ್ಡ್ಸ್ ನಂಬರ್ ಗೊತ್ತು, ರೆನಾಲ್ಡ್ಸ್ ಮೇಷ್ಟ್ರು ಗೊತ್ತಾ?

ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾದ ಯಾರನ್ನ ಕೇಳಿದ್ರೂ ರೆನಾಲ್ಡ್ಸ್ ನಂಬರ್ ಬಗ್ಗೆ ಥಟ್ ಅಂತ ಹೇಳ್ತಾರೆ. ಪೈಪಿನಲ್ಲಿ 2000ದ ಕೆಳಗೆ ಲ್ಯಾಮಿನಾರ್, 4000ದ ಮೇಲೆ ಟರ್ಬುಲೆಂಟ್. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕು ಗ್ಯಾರಂಟಿ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು, ಅವರೂ ನಮ್ಮ ಹಾಗೆ ಕೈಗೆ ಗ್ರೀಸು ಮೆತ್ತಿಕೊಂಡು ವರ್ಕ್‌ಶಾಪಿನಲ್ಲಿ ನಿಂತಿದ್ದರು ಅನ್ನೋದು ನಮಗೂ ಹೊಳೆದಿರಲಿಲ್ಲ. ಈ ವರ್ಷ ನಾವು ಒಂದು ಹಳೇ ಎಂಜಿನ್ ಬಿಚ್ಚಿ ಕೂರೋವರೆಗೆ.

ಕಥೆ ಇಷ್ಟು. ನಾಲ್ಕು ಸಿಲಿಂಡರಿನ ಒಂದು ಹಳೇ ಪೆಟ್ರೋಲ್ ಎಂಜಿನ್, ಕಾಸ್ಟ್ ಐರನ್ ಬ್ಲಾಕ್, ಐದು ಮೇನ್ ಬೇರಿಂಗು. ಅದಕ್ಕೆ ಟರ್ಬೋ ಕೂರಿಸಬೇಕು ಅನ್ನೋದು ನಮ್ಮ ಪ್ರಾಜೆಕ್ಟು. ಕ್ರ್ಯಾಂಕ್‌ಶಾಫ್ಟ್ ವಾಪಸ್ ಕೂರಿಸೋ ದಿನ ಜಗಳ ಶುರುವಾಯ್ತು. ಕ್ರ್ಯಾಂಕಿಗೂ ಬೇರಿಂಗ್ ಶೆಲ್ಲಿಗೂ ನಡುವೆ ಎಷ್ಟು ಕ್ಲಿಯರೆನ್ಸ್ ಬಿಡಬೇಕು? ಒಂದು ಪಾರ್ಟಿ ಟೈಟಾಗೇ ಇರಲಿ, ಆಯಿಲ್ ಪ್ರೆಶರ್ ಚೆನ್ನಾಗಿ ನಿಲ್ಲುತ್ತೆ ಅಂತ. ಇನ್ನೊಂದು ಪಾರ್ಟಿ ಟರ್ಬೋ ಎಂಜಿನ್ ಅಲ್ವಾ, ಸ್ವಲ್ಪ ಲೂಸಾಗಿರಲಿ ಅಂತ. ಯಾಕೆ ಅಂತ ಕೇಳಿದ್ರೆ ಎರಡೂ ಕಡೆ ಉತ್ತರ ಇಲ್ಲ. ಮಷೀನ್ ಡಿಸೈನ್ ಪುಸ್ತಕದ ಬೇರಿಂಗ್ ಪಾಠ ತೆಗೆದ್ರೆ ಅಲ್ಲಿ ರೆನಾಲ್ಡ್ಸ್ ಸಮೀಕರಣ ಅಂತ ಒಂದು ಕೂತಿದೆ. ಅದೇ ರೆನಾಲ್ಡ್ಸಾ? ಹೌದು, ಅದೇ ರೆನಾಲ್ಡ್ಸ್. ಆ ಜಗಳಕ್ಕೆ ಉತ್ತರ ಹುಡುಕುತ್ತಾ ನಾವು ಈ ಮೇಷ್ಟ್ರ ಬದುಕಿನೊಳಗೆ ಹೊಕ್ಕೆವು.

ಮೊದಲು ವರ್ಕ್‌ಶಾಪು, ಆಮೇಲೆ ಗಣಿತ

ಆಸ್ಬೋರ್ನ್ ರೆನಾಲ್ಡ್ಸ್ ಹುಟ್ಟಿದ್ದು 1842ರ ಆಗಸ್ಟ್ 23ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂದೆ ಚರ್ಚಿನ ಪಾದ್ರಿ, ಶಾಲೆಯ ಹೆಡ್‌ಮಾಸ್ಟರ್ರು. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದವರು. ಜೊತೆಗೆ ಯಂತ್ರಗಳ ಹುಚ್ಚು ಬೇರೆ. ಬೇಸಾಯದ ಉಪಕರಣಗಳ ಸುಧಾರಣೆಗೆ ಪೇಟೆಂಟ್ ತಗೊಂಡಿದ್ದ ಪಾದ್ರಿ ಅವರು. ಸಂಸಾರ ಸ್ವಲ್ಪ ಕಾಲಕ್ಕೆ ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಡೆಡಮ್ ಅನ್ನೋ ಊರಿಗೆ ಬಂತು. ಹುಡುಗನಿಗೆ ಮೊದಲ ಮೇಷ್ಟ್ರು ಮನೆಯಲ್ಲೇ ಇದ್ದರು.

ಹತ್ತೊಂಬತ್ತು ವರ್ಷಕ್ಕೆ ರೆನಾಲ್ಡ್ಸ್ ಕಾಲೇಜಿಗೆ ಹೋಗಲಿಲ್ಲ. 1861ರಲ್ಲಿ ಸ್ಟೋನಿ ಸ್ಟ್ರಾಟ್‌ಫರ್ಡ್‌ನ ಎಡ್ವರ್ಡ್ ಹೇಯ್ಸ್ ಎಂಬವರ ಎಂಜಿನಿಯರಿಂಗ್ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದರು. ಅಲ್ಲಿ ಯಂತ್ರಗಳು ನಡೆಯೋದನ್ನ ನೋಡ್ತಾ ನೋಡ್ತಾ ಅವರಿಗೆ ಒಂದು ವಿಷಯ ಅರ್ಥವಾಯ್ತು. ಕಣ್ಣೆದುರು ನಡೆಯೋ ಎಷ್ಟೋ ಸಂಗತಿಗಳಿಗೆ ಕಾರಣ ಹೇಳಬೇಕಾದ್ರೆ ಗಣಿತ ಇಲ್ಲದೆ ಆಗಲ್ಲ. ಹೀಗಾಗಿ ಅಲ್ಲಿಂದ ಕೇಂಬ್ರಿಡ್ಜ್‌ನ ಕ್ವೀನ್ಸ್ ಕಾಲೇಜಿಗೆ ಹೋದರು. 1867ರಲ್ಲಿ ಏಳನೇ ರ‍್ಯಾಂಗ್ಲರ್ ಆಗಿ ಹೊರಬಂದರು, ಅಂದ್ರೆ ಆ ವರ್ಷ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಏಳನೇ ಸ್ಥಾನ.

ನಮ್ಮದು ಉಲ್ಟಾ ನೋಡಿ. ನಾವು ಪಿಯುಸಿಯಲ್ಲಿ ಇಂಟಿಗ್ರೇಷನ್ ಉರು ಹೊಡೆದು, ಸಿಇಟಿ ಬರೆದು, ಆಮೇಲೆ ವರ್ಕ್‌ಶಾಪಿನಲ್ಲಿ ಮೊದಲ ಸಲ ಫೈಲು ಹಿಡೀತೀವಿ. ಅವರಿಗೆ ಪ್ರಶ್ನೆ ಮೊದಲು ಸಿಕ್ಕಿತು, ಸೂತ್ರ ಆಮೇಲೆ. ಈ ವ್ಯತ್ಯಾಸ ಅವರ ಇಡೀ ಬದುಕಿನಲ್ಲಿ ಕಾಣುತ್ತೆ.

ಅರ್ಥವಾಗದ ಕ್ಲಾಸು, ಬಿಡದ ಕುತೂಹಲ

ಓದು ಮುಗಿಸಿ ಕೆಲಕಾಲ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಕಚೇರಿಯಲ್ಲಿ ದುಡಿದರು. 1868ರಲ್ಲಿ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜು ಎಂಜಿನಿಯರಿಂಗ್‌ಗೆ ಒಬ್ಬ ಪ್ರೊಫೆಸರನ್ನ ಹುಡುಕ್ತಾ ಇತ್ತು. ರೆನಾಲ್ಡ್ಸ್ ಅರ್ಜಿ ಹಾಕಿದರು, ಕೆಲಸ ಸಿಕ್ಕಿತು. ಆಗ ಅವರಿಗೆ 25 ವರ್ಷ. ನಮ್ಮಲ್ಲಿ ಎಂಟೆಕ್ ಮುಗಿಸೋ ವಯಸ್ಸು. ಆ ಕುರ್ಚಿಯಲ್ಲಿ ಅವರು 37 ವರ್ಷ ಕೂತರು.

ಅದೇ ವರ್ಷ ಮದುವೆಯೂ ಆಯ್ತು. ಒಂದು ವರ್ಷ ಆಗೋದ್ರೊಳಗೆ ಹೆಂಡತಿ ಷಾರ್ಲೆಟ್ ತೀರಿಕೊಂಡರು. ಉಳಿದ ಮಗನೂ 1879ರಲ್ಲಿ ಹೋದ. ಎರಡನೇ ಮದುವೆ ಆಗಿದ್ದು 1881ರಲ್ಲಿ. ನಡುವಿನ ಆ ಹನ್ನೆರಡು ವರ್ಷ ಅವರು ಕೆಲಸ ನಿಲ್ಲಿಸಲಿಲ್ಲ ಅನ್ನೋದಷ್ಟೇ ನಮಗೆ ಕಾಣೋದು. ಮನಸ್ಸಿನಲ್ಲಿ ಏನಿತ್ತು ಅಂತ ಪೇಪರುಗಳು ಹೇಳಲ್ಲ.

ಪಾಠದಲ್ಲಿ ಮೇಷ್ಟ್ರು ಹೇಗಿದ್ರು? ನಿಜ ಹೇಳ್ಬೇಕಂದ್ರೆ ಬಹಳ ಕಷ್ಟ. ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್ ಹದಿನಾಲ್ಕನೇ ವಯಸ್ಸಿಗೆ ಓವೆನ್ಸ್ ಕಾಲೇಜು ಸೇರಿ ಇವರ ಶಿಷ್ಯರಾಗಿದ್ದರು. ಅವರು ನೆನಪು ಮಾಡಿಕೊಂಡಿರೋ ಚಿತ್ರ ಹೀಗಿದೆ: ಮೇಷ್ಟ್ರು ತಡವಾಗಿ ಗೌನು ಏರಿಸಿಕೊಳ್ಳುತ್ತಾ ಓಡಿ ಬರ್ತಾರೆ. ರ‍್ಯಾಂಕಿನ್ ಬರೆದ ಪಠ್ಯಪುಸ್ತಕ ತೆಗೆದು ಯಾವುದೋ ಪುಟ ಬಿಚ್ಚಿ, ಇಲ್ಲಿರೋ ಸೂತ್ರ ತಪ್ಪು ಅಂತಾರೆ. ಅದನ್ನ ಸಾಧಿಸೋಕೆ ನಮಗೆ ಬೆನ್ನು ತಿರುಗಿಸಿ ಬೋರ್ಡು ತುಂಬ ಬರೀತಾರೆ, ತಮ್ಮಷ್ಟಕ್ಕೆ ಮಾತಾಡ್ಕೋತಾರೆ, ಅಳಿಸ್ತಾರೆ, ಮತ್ತೆ ಬರೀತಾರೆ. ಗಂಟೆ ಮುಗಿಯೋ ಹೊತ್ತಿಗೆ ರ‍್ಯಾಂಕಿನ್ನೇ ಸರಿ ಅಂತ ಸಾಬೀತಾಗಿರುತ್ತೆ! ನಮಗೆ ಇಂಥ ಕ್ಲಾಸು ಸಿಕ್ಕಿದ್ರೆ ಬಂಕ್ ಹೊಡೀತಿದ್ದೆವೇನೋ. ಆದ್ರೆ ಥಾಮ್ಸನ್‌ಗೆ ಆ ಮೇಷ್ಟ್ರ ಮೇಲೆ ಗೌರವ ಕಡಿಮೆಯಾಗಲಿಲ್ಲ. ಒಬ್ಬ ಮನುಷ್ಯ ನಿಜವಾಗಿ ಯೋಚನೆ ಮಾಡೋದು ಹೇಗಿರುತ್ತೆ ಅಂತ ಅಲ್ಲಿ ಕಣ್ಣಾರೆ ಕಾಣ್ತಿತ್ತು.

ಮೇಷ್ಟ್ರ ಕುತೂಹಲಕ್ಕೆ ಬೇಲಿ ಇರಲಿಲ್ಲ. ಮಳೆ ಬಿದ್ದರೆ ಸಮುದ್ರದ ಅಲೆ ಯಾಕೆ ತಣ್ಣಗಾಗುತ್ತೆ ಅಂತ ನೋಡಿದರು. ಉರುಳೋ ಚಕ್ರಕ್ಕೆ ಘರ್ಷಣೆ ಎಲ್ಲಿಂದ ಬರುತ್ತೆ ಅಂತ ಕೇಳಿದರು. ಮಲ್ಪೆ ಬೀಚಿನಲ್ಲಿ ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಪಾದದ ಸುತ್ತ ಮರಳು ಕ್ಷಣಕಾಲ ಒಣಗಿದ ಹಾಗೆ ಬೆಳ್ಳಗಾಗುತ್ತಲ್ಲ, ಅದಕ್ಕೂ 1885ರಲ್ಲಿ ಕಾರಣ ಹೇಳಿದವರು ಇವರೇ. ಒತ್ತಿದಾಗ ಮರಳಿನ ಕಾಳುಗಳು ಸರಿದು ನಡುವಿನ ಸಂದು ಹೆಚ್ಚುತ್ತೆ, ನೀರು ಒಳಕ್ಕೆ ಇಳಿಯುತ್ತೆ.

1883ರಲ್ಲಿ ಅವರ ಜಗತ್ಪ್ರಸಿದ್ಧ ಪ್ರಯೋಗದ ಪೇಪರ್ ಬಂತು. ಗಾಜಿನ ಕೊಳವೆಯಲ್ಲಿ ನೀರು, ಅದರ ನಡುವೆ ಬಣ್ಣದ ಒಂದು ಎಳೆ. ವೇಗ ಕಡಿಮೆ ಇದ್ದಾಗ ಎಳೆ ನೆಟ್ಟಗೆ ಹೋಗುತ್ತೆ, ವೇಗ ಹೆಚ್ಚಿಸಿದರೆ ಒಂದು ಹಂತದಲ್ಲಿ ಚದುರಿ ಇಡೀ ಕೊಳವೆ ಬಣ್ಣವಾಗುತ್ತೆ. ಆ ತೊಟ್ಟಿ ಈಗಲೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದೆ. ನಮಗೆಲ್ಲ ಗೊತ್ತಿರೋ ಕಥೆ ಇಲ್ಲಿಗೆ ಮುಗಿಯುತ್ತೆ. ನಮ್ಮ ಎಂಜಿನ್ನಿಗೆ ಬೇಕಾದ ಕಥೆ ಶುರುವಾಗೋದೇ ಇಲ್ಲಿಂದ.

ಹಾರಿಬಂದ ಬಿರಡೆ

ಅದೇ 1883ರಲ್ಲಿ ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಬರೆದವರು ಬೋಷಾಂಪ್ ಟವರ್ ಎಂಬ ಎಂಜಿನಿಯರ್. ರೈಲ್ವೆ ಬೋಗಿಯ ಆಕ್ಸಲ್ ಬೇರಿಂಗಿನ ಘರ್ಷಣೆ ಅಳೆಯೋ ಕೆಲಸ ಅವರದು. ತಿರುಗೋ ಆಕ್ಸಲ್ಲಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿದೆ, ಮೇಲುಗಡೆ ಹಿತ್ತಾಳೆಯ ಅರೆ ಬೇರಿಂಗು ಕೂತಿದೆ, ಅದರ ಮೇಲೆ ಭಾರ ಹೇರಿದೆ. ಪಂಪು ಗಿಂಪು ಏನೂ ಇಲ್ಲ.

ಟವರ್ ಎಣ್ಣೆ ಬಿಡೋಣ ಅಂತ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆಸಿದರು. ಆಕ್ಸಲ್ ತಿರುಗಿಸಿದ್ರೆ ತೂತಿನಿಂದ ಎಣ್ಣೆ ಒಳಗೆ ಹೋಗೋದರ ಬದಲು ಮೇಲಕ್ಕೆ ಉಕ್ಕಿ ಬಂತು. ಗಲೀಜು ಆಗುತ್ತಲ್ಲ ಅಂತ ಮರದ ಬಿರಡೆ ಹೊಡೆದರು. ಬಿರಡೆ ಮೆಲ್ಲಗೆ ಹೊರಗೆ ತಳ್ಳಿಸಿಕೊಂಡು ಬಂತು. ಕೊನೆಗೆ ಆ ತೂತಿಗೆ ಪ್ರೆಶರ್ ಗೇಜ್ ಹಾಕಿದ್ರೆ ಮುಳ್ಳು ಚದರ ಇಂಚಿಗೆ 200 ಪೌಂಡು ದಾಟಿ ಹೋಯ್ತು. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರವೇ ಅದರ ಅರ್ಧದಷ್ಟು!

ಇದರ ಅರ್ಥ ಏನು? ಹಿತ್ತಾಳೆಯೂ ಉಕ್ಕೂ ಒಂದಕ್ಕೊಂದು ತಾಗ್ತಾನೇ ಇಲ್ಲ. ನಡುವಿನ ತೆಳು ಎಣ್ಣೆಯ ಪದರವೇ ಇಡೀ ಭಾರ ಹೊತ್ತು ಬೇರಿಂಗನ್ನ ಎತ್ತಿ ಹಿಡಿದಿದೆ. ಆದ್ರೆ ಪಂಪಿಲ್ಲದೆ ಆ ಒತ್ತಡ ಬಂದಿದ್ದಾದರೂ ಎಲ್ಲಿಂದ?

ರೆನಾಲ್ಡ್ಸ್ ಈ ವರದಿ ಓದಿದರು. ಬೇರೆಯವರ ಪ್ರಯೋಗದಲ್ಲಿ ಬಂದ ಒಂದು ವಿಚಿತ್ರವನ್ನ ಗೇಜ್ ತಪ್ಪಿರಬೇಕು ಅಂತ ತಳ್ಳಿಹಾಕಲಿಲ್ಲ. ಮೂರು ವರ್ಷ ಕಳೆದು, 1886ರಲ್ಲಿ, ಲೂಬ್ರಿಕೇಷನ್ ಸಿದ್ಧಾಂತದ ಉದ್ದನೆಯ ಪೇಪರ್ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದಕ್ಕಾಗಿ ಅವರೇ ಕೂತು ಆಲಿವ್ ಎಣ್ಣೆಯ ಸ್ನಿಗ್ಧತೆಯನ್ನ, ಅಂದ್ರೆ ವಿಸ್ಕಾಸಿಟಿಯನ್ನ, ಬೇರೆ ಬೇರೆ ಉಷ್ಣತೆಯಲ್ಲಿ ಅಳೆದಿದ್ದರು.

ಉತ್ತರ ಒಂದೇ ಮಾತಿನಲ್ಲಿ ಹೇಳೋದಾದ್ರೆ: ಕಿರಿದಾಗೋ ಸಂದು. ಶಾಫ್ಟು ಬೇರಿಂಗಿಗಿಂತ ಸ್ವಲ್ಪ ಸಣ್ಣದು. ಭಾರ ಬಿದ್ದಾಗ ಅದು ನಟ್ಟನಡುವೆ ಇರದೆ ಒಂದು ಕಡೆ ಸರಿದು ಕೂರುತ್ತೆ. ಹಾಗಾಗಿ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಎಣ್ಣೆ ಶಾಫ್ಟಿಗೆ ಅಂಟಿಕೊಂಡು ಅದರ ಜೊತೆಗೇ ತಿರುಗುತ್ತೆ, ಅಗಲದಿಂದ ಕಿರಿದಿನ ಕಡೆಗೆ ಎಳೆಸಿಕೊಂಡು ಹೋಗುತ್ತೆ. ಹೋಗೋಕೆ ಜಾಗ ಸಾಲಲ್ಲ, ಒತ್ತಡ ಏರುತ್ತೆ. ಆ ಒತ್ತಡವೇ ಶಾಫ್ಟನ್ನ ಎತ್ತೋದು. ಮಳೆಯಲ್ಲಿ ಜೋರಾಗಿ ಬೈಕ್ ಓಡಿಸಿದಾಗ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲಿ ಜಾರುತ್ತಲ್ಲ, ಅದು ಇದಕ್ಕೆ ಹತ್ತಿರದ ನೆಂಟ. ರಸ್ತೆಯಲ್ಲಿ ನಮ್ಮ ಕೈಕಾಲು ಮುರಿಯೋ ವಿದ್ಯೆಯೇ ಎಂಜಿನ್ನಿನೊಳಗೆ ಕ್ರ್ಯಾಂಕನ್ನ ಕಾಪಾಡ್ತಿದೆ.

ಇಲ್ಲಿ ಅವರ ಎರಡು ಕೆಲಸಗಳೂ ಕೈಕುಲುಕುತ್ತವೆ. ನಮ್ಮ ಎಂಜಿನ್ನಿನ ಮೇನ್ ಜರ್ನಲ್ 50 ಮಿ.ಮೀ. 6000 ಆರ್‌ಪಿಎಂನಲ್ಲಿ ಅದರ ಮೈಯ ವೇಗ ಸೆಕೆಂಡಿಗೆ ಸುಮಾರು 15.7 ಮೀಟರ್. ಆದರೂ ಪದರ 25 ಮೈಕ್ರಾನ್ ಮಾತ್ರ ಆಗಿರೋದರಿಂದ, ಬಿಸಿ ಎಣ್ಣೆಯಲ್ಲಿ ರೆನಾಲ್ಡ್ಸ್ ನಂಬರ್ ಬರೋದು ಸುಮಾರು 40. ಅಷ್ಟು ರಭಸದ ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಮಾತ್ರ ಪರಮ ಲ್ಯಾಮಿನಾರ್!

ಗೇಜಿನ 4 ಬಾರ್, ಪದರದ 240 ಬಾರ್

ಈಗ ನಮ್ಮ ಜಗಳಕ್ಕೆ ಬರೋಣ. ಟೈಟ್ ಪಾರ್ಟಿಯ ನಂಬಿಕೆ ಏನಿತ್ತು? ಆಯಿಲ್ ಪ್ರೆಶರ್ ಕ್ರ್ಯಾಂಕನ್ನ ಎತ್ತಿ ಹಿಡಿಯುತ್ತೆ ಅಂತ. ಲೆಕ್ಕ ಹಾಕಿ ನೋಡಿದೆವು. ನಮ್ಮ ಪಿಸ್ಟನ್ 75 ಮಿ.ಮೀ. ಟರ್ಬೋ ಇಲ್ಲದೆ ಸಿಲಿಂಡರಿನ ಗರಿಷ್ಠ ಒತ್ತಡ 70 ಬಾರ್ ಅಂತ ಹಿಡಿದರೆ ಪಿಸ್ಟನ್ ಮೇಲೆ ಬೀಳೋದು ಸುಮಾರು 31 ಕಿಲೋನ್ಯೂಟನ್. ಟರ್ಬೋ ಹಾಕಿ ಅದು 110 ಬಾರ್ ಆದರೆ ಸುಮಾರು 48.6 ಕಿಲೋನ್ಯೂಟನ್, ಅಂದ್ರೆ ಹತ್ತಿರ ಹತ್ತಿರ ಐದು ಟನ್ ಭಾರ. ಅದನ್ನ ಅಕ್ಕಪಕ್ಕದ ಎರಡು ಮೇನ್ ಬೇರಿಂಗುಗಳು ಹಂಚಿಕೊಳ್ಳುತ್ತವೆ ಅಂದುಕೊಳ್ಳಿ. ಒಂದೊಂದು ಬೇರಿಂಗಿನ ಅಗಲ 20 ಮಿ.ಮೀ. ಆದ್ದರಿಂದ ಎಣ್ಣೆಯ ಪದರದಲ್ಲಿ ಸರಾಸರಿ ಒತ್ತಡವೇ ಸುಮಾರು 240 ಬಾರ್. ಡ್ಯಾಶ್‌ಬೋರ್ಡಿನ ಗೇಜ್ ತೋರಿಸೋ ಪಂಪಿನ ಒತ್ತಡ? 4 ಬಾರ್.

ಪಂಪು ಭಾರ ಹೊರಲ್ಲ. ಅದು ಅಡುಗೆಮನೆಗೆ ನೀರು ತಂದು ಹಾಕೋ ಕೆಲಸದವರ ಹಾಗೆ, ಎಣ್ಣೆ ಖಾಲಿಯಾಗದಂತೆ ನೋಡ್ಕೊಳ್ಳುತ್ತೆ ಅಷ್ಟೇ. ಭಾರ ಹೊರೋದು ಸಂದಿನ ಆಕಾರ, ಶಾಫ್ಟಿನ ವೇಗ ಮತ್ತು ಎಣ್ಣೆಯ ಸ್ನಿಗ್ಧತೆ. ಪಂಪೇ ಇಲ್ಲದ ಟವರ್ ಯಂತ್ರ ಇದನ್ನೇ ತೋರಿಸಿತ್ತು.

ಹಾಗಾದ್ರೆ ಸಂದು ಎಷ್ಟಿರಬೇಕು? ರೆನಾಲ್ಡ್ಸ್ ಸಮೀಕರಣವನ್ನ 1904ರಲ್ಲಿ ಜರ್ಮನಿಯ ಆರ್ನಾಲ್ಡ್ ಸೊಮ್ಮರ್‌ಫೆಲ್ಡ್ ಜರ್ನಲ್ ಬೇರಿಂಗಿಗೆ ಬಿಡಿಸಿ ತೋರಿಸಿದರು. ನಮ್ಮ ಪುಸ್ತಕದ ಸೊಮ್ಮರ್‌ಫೆಲ್ಡ್ ನಂಬರ್ ಅಲ್ಲಿಂದ ಬಂದಿದ್ದು. ಅದರಲ್ಲಿ ಕ್ಲಿಯರೆನ್ಸ್ ಛೇದದಲ್ಲಿದೆ, ಅದೂ ವರ್ಗದಲ್ಲಿ. ಅದರಿಂದ ನಾವು ಕಲಿತಿದ್ದು ಇಷ್ಟು:

ಸಂದು ಹೆಚ್ಚಿಸಿದರೆ ಹೊರುವ ಶಕ್ತಿ ಇಳಿಯುತ್ತೆ. 0.050 ಮಿ.ಮೀ.ನಿಂದ 0.060ಕ್ಕೆ ಹೋದ್ರೆ, ಬೇರೆಲ್ಲ ಹಾಗೇ ಇದ್ದರೆ, ಸೊಮ್ಮರ್‌ಫೆಲ್ಡ್ ನಂಬರ್ 69 ಶೇಕಡಾಕ್ಕೆ ಕುಸಿಯುತ್ತೆ. ಪಕ್ಕದಿಂದ ಸೋರೋ ಎಣ್ಣೆ ಸಂದಿನ ಘನಕ್ಕೆ ತಕ್ಕಂತೆ ಏರುತ್ತೆ, ಅಂದ್ರೆ 1.73 ಪಟ್ಟು. ಪಂಪು ಅಷ್ಟು ಕೊಡದಿದ್ದರೆ ಪ್ರೆಶರ್ ಬೀಳುತ್ತೆ, ಸಾಲಿನ ಕೊನೆಯಲ್ಲಿರೋ ಬೇರಿಂಗು ಬಾಯಾರುತ್ತೆ.

ಸಂದು ಕಡಿಮೆ ಮಾಡಿದರೆ ಬಿಸಿ. ನಮ್ಮ ಲೆಕ್ಕದಲ್ಲಿ 0.050 ಮಿ.ಮೀ. ಕ್ಲಿಯರೆನ್ಸಿಗೆ 6000 ಆರ್‌ಪಿಎಂನಲ್ಲಿ ಎಣ್ಣೆ ಉಜ್ಜಿಕೊಂಡೇ ಒಂದು ಬೇರಿಂಗಿನಲ್ಲಿ ಸುಮಾರು 260 ವ್ಯಾಟ್ ಶಾಖ ಹುಟ್ಟುತ್ತೆ. ಐದಕ್ಕೂ ಸೇರಿ 1.3 ಕಿಲೋವ್ಯಾಟ್, ಹಾಸ್ಟೆಲ್ಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ನೀರು ಕಾಯಿಸೋ ಕಾಯಿಲಿನಷ್ಟು. ಸಂದು ಅರ್ಧ ಮಾಡಿದರೆ ಆ ಶಾಖ ಹೆಚ್ಚುಕಡಿಮೆ ದುಪ್ಪಟ್ಟು, ಅದನ್ನ ಹೊತ್ತೊಯ್ಯೋ ಎಣ್ಣೆಯ ಹರಿವು ಮಾತ್ರ ಎಷ್ಟೋ ಕಡಿಮೆ. ಎಣ್ಣೆ ಕಾಯುತ್ತೆ, ತೆಳ್ಳಗಾಗುತ್ತೆ, ಪದರ ಹರಿಯುತ್ತೆ. ಲೋಹಕ್ಕೆ ಲೋಹ ತಾಗಿದರೆ ಶೆಲ್ ಬರಿದಾಗೋಕೆ ಹೆಚ್ಚು ಹೊತ್ತು ಬೇಡ.

ಡಿಸೈನ್ ಪುಸ್ತಕದಲ್ಲಿ ಕ್ಲಿಯರೆನ್ಸಿಗೆ ಎದುರಾಗಿ ಪದರದ ಕನಿಷ್ಠ ದಪ್ಪ ಬಿಡಿಸಿದ ಗ್ರಾಫ್ ಇರುತ್ತೆ ನೋಡಿ. ಅದು ಮೊದಲು ಏರಿ, ಒಂದು ಗುಡ್ಡ ಮುಟ್ಟಿ, ಆಮೇಲೆ ಇಳಿಯುತ್ತೆ. ಎರಡೂ ಪಾರ್ಟಿಯವರು ಆ ಗುಡ್ಡದ ಎರಡು ಇಳಿಜಾರಿನಲ್ಲಿ ನಿಂತು ಕೂಗಾಡ್ತಿದ್ದೆವು.

ಟರ್ಬೋ ಬಂದಾಗ ಗುಡ್ಡದ ನೆತ್ತಿ ಸ್ವಲ್ಪ ಸರಿಯುತ್ತೆ. ಐದು ಟನ್ ಏಟಿಗೆ ಕ್ರ್ಯಾಂಕು ಕೂದಲೆಳೆಯಷ್ಟು ಬಾಗುತ್ತೆ, ಬ್ಲಾಕಿನ ಬೋರೂ ಆಕಾರ ಕೆಡುತ್ತೆ. ಬಾಗಿದ ಶಾಫ್ಟಿನ ಅಂಚು ಶೆಲ್ಲಿಗೆ ತಾಗದಷ್ಟು ಜಾಗ ಬೇಕು. ಟರ್ಬೋದ ಬೇರಿಂಗು ಅದೇ ಎಣ್ಣೆಯಲ್ಲಿ ಪಾಲು ಕೇಳುತ್ತೆ, ತನ್ನ ಬಿಸಿಯನ್ನೂ ಅದರಲ್ಲೇ ಸುರಿಯುತ್ತೆ. ಹೀಗಾಗಿ ಸಂದು ಸ್ವಲ್ಪ ಜಾಸ್ತಿ, ಜೊತೆಗೆ ಎಣ್ಣೆಯೂ ಸ್ವಲ್ಪ ದಪ್ಪ. ಒಂದನ್ನ ಬಿಟ್ಟು ಇನ್ನೊಂದು ಮಾಡಿದರೆ ಕೆಟ್ಟೆವು.

ಇನ್ನೊಂದು ಎಚ್ಚರ. 1886ರ ಪೇಪರಿನಲ್ಲೇ ರೆನಾಲ್ಡ್ಸ್ ಒಂದು ಸೂಕ್ಷ್ಮ ಗಮನಿಸಿದ್ದರು. ಬಿಸಿಯಾದಾಗ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ, ಆದ್ದರಿಂದ ತಣ್ಣಗಿದ್ದಾಗಿನ ಸಂದೇ ಓಡುವಾಗಿನ ಸಂದಲ್ಲ. ಟವರ್ ಅಳೆಯದೆ ಬಿಟ್ಟಿದ್ದ ಆ ಸಂದನ್ನ ಘರ್ಷಣೆಯ ಅಂಕಿಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದಿದ್ದರು, ಉಷ್ಣತೆಯನ್ನೂ ಅದರಲ್ಲಿ ಸೇರಿಸಿ. ಇವತ್ತು ಅದೇ ಮಾತು ಅಲ್ಯೂಮಿನಿಯಂ ಬ್ಲಾಕಿಗೆ ಬರುತ್ತೆ. 55 ಮಿ.ಮೀ. ಬೋರಿರೋ ಬರೀ ಅಲ್ಯೂಮಿನಿಯಂ, 80 ಡಿಗ್ರಿ ಬಿಸಿಯೇರಿದರೆ ಉಕ್ಕಿನ ಶಾಫ್ಟಿಗಿಂತ ಲೆಕ್ಕದ ಮಟ್ಟಿಗೆ 0.048 ಮಿ.ಮೀ. ಹೆಚ್ಚು ಹಿಗ್ಗುತ್ತೆ. ಕಬ್ಬಿಣದ ಕ್ಯಾಪ್ ಇದ್ದರೆ ಇದು ಕಡಿಮೆಯಾಗುತ್ತೆ. ನಮ್ಮದು ಕಾಸ್ಟ್ ಐರನ್ ಆದ್ದರಿಂದ ಈ ತಲೆನೋವು ಹೆಚ್ಚುಕಡಿಮೆ ಇರಲಿಲ್ಲ. ನಿಮ್ಮದು ಅಲ್ಯೂಮಿನಿಯಂ ಆದ್ರೆ ನಮ್ಮ ನಂಬರನ್ನ ಕಾಪಿ ಹೊಡೀಬೇಡಿ.

ನಾವು ಅಳೆದಿದ್ದು, ಆರಿಸಿದ್ದು

ಅಳತೆಯಲ್ಲೇ ಮೊದಲು ಎಡವಿದೆವು. ಪುಸ್ತಕದ ಸೂತ್ರದಲ್ಲಿರೋ ಸಿ ಅಕ್ಷರ ತ್ರಿಜ್ಯದ ಲೆಕ್ಕದ ಕ್ಲಿಯರೆನ್ಸು. ವರ್ಕ್‌ಶಾಪ್ ಮ್ಯಾನ್ಯುಯಲ್ ಕೊಡೋದು ವ್ಯಾಸದ ಲೆಕ್ಕದಲ್ಲಿ. ನಮ್ಮಲ್ಲೊಬ್ಬ ಇದನ್ನ ಗಮನಿಸದೆ ಅದನ್ನೇ ಇದು ಅಂದುಕೊಂಡು, ಬೇರಿಂಗು ನಾಲ್ಕರಲ್ಲೊಂದು ಭಾರ ಮಾತ್ರ ಹೊರುತ್ತೆ ಅಂತ ಒಂದು ಸಂಜೆ ಪೂರ್ತಿ ಎಲ್ಲರನ್ನೂ ಹೆದರಿಸಿದ.

ಎರಡನೇ ಎಡವಟ್ಟು, ಮೇನ್ ಕ್ಯಾಪ್ ಬೋಲ್ಟುಗಳನ್ನ ಅರ್ಧಂಬರ್ಧ ಬಿಗಿದು ಬೋರ್ ಗೇಜ್ ಇಟ್ಟಿದ್ದು. 0.07 ಅಂತ ತೋರಿಸ್ತು. ಶೆಲ್‌ಗಳೇ ಸವೆದಿವೆ ಅಂತ ನಿರ್ಧಾರ ಮಾಡೋದರಲ್ಲಿದ್ದೆವು. ವರ್ಕ್‌ಶಾಪಿನ ಫೋರ್‌ಮನ್ ಸರ್ ಬಂದು, ಟಾರ್ಕ್ ರೆಂಚ್ ಕೈಗೆ ಕೊಟ್ಟು, ಪೂರ್ತಿ ಬಿಗಿಸಿ, ಮತ್ತೆ ಅಳೆಯೋಕೆ ಹೇಳಿದರು. 0.046! ಬೋಲ್ಟ್ ಪೂರ್ತಿ ಬಿಗಿದಾಗಲೇ ಶೆಲ್ ತನ್ನ ಜಾಗಕ್ಕೆ ಒತ್ತಿ ಕೂತು ನಿಜವಾದ ಆಕಾರಕ್ಕೆ ಬರೋದು. ಆಮೇಲೆ ಪ್ರತಿ ಜರ್ನಲನ್ನ ಮೈಕ್ರೋಮೀಟರಿನಲ್ಲಿ ಅಳೆದು, ಅದೇ ಮೈಕ್ರೋಮೀಟರಿಗೆ ಬೋರ್ ಗೇಜ್ ಸೊನ್ನೆ ಮಾಡಿ, ಶೆಲ್ ಜೋಡಣೆಯ ಗೆರೆಗೆ ನೇರ ಅಡ್ಡಲಾಗಿ ಅಳೆದೆವು. ಜೋಡಣೆಯ ಹತ್ತಿರ ಶೆಲ್ ಬೇಕಂತಲೇ ತೆಳ್ಳಗಿರುತ್ತೆ, ಅಲ್ಲಿ ಅಳೆದರೆ ಸುಳ್ಳು ಹೇಳುತ್ತೆ. ಪ್ಲಾಸ್ಟಿಗೇಜ್ ಎಳೆಯನ್ನ ಕೊನೆಗೆ ಒಂದು ಕ್ರಾಸ್ ಚೆಕ್‌ಗೆ ಮಾತ್ರ ಇಟ್ಟುಕೊಂಡೆವು.

ಹಳೇ ಮೆಕ್ಯಾನಿಕ್‌ಗಳ ಲೆಕ್ಕ ಒಂದಿದೆ: ಶಾಫ್ಟಿನ ವ್ಯಾಸದ ಸಾವಿರದಲ್ಲೊಂದು ಭಾಗ. ಹೆಚ್ಚು ಪವರಿನ ಎಂಜಿನ್ನಿಗೆ ಅದರ ಮೇಲೆ ಅರ್ಧ ಸಾವಿರಾಂಶ ಇಂಚು ಸೇರಿಸ್ತಾರೆ. ನಮ್ಮ 50 ಮಿ.ಮೀ. ಜರ್ನಲಿಗೆ 0.050, ಮೇಲ್ಮಿತಿ ಸುಮಾರು 0.062. ನಾವು ಗುರಿ ಇಟ್ಟಿದ್ದು 0.055. 30 ಗ್ರೇಡಿನ ಎಣ್ಣೆಯ ಬದಲು 40 ಗ್ರೇಡ್. ಯಾಕೆ ಅಂದ್ರೆ, ಸಂದು 0.050ರಿಂದ 0.055 ಆದಾಗ ಸೊಮ್ಮರ್‌ಫೆಲ್ಡ್ ನಂಬರ್ 0.83ಕ್ಕೆ ಇಳಿಯುತ್ತೆ. ಬಿಸಿಯಲ್ಲಿ ಎಣ್ಣೆಯ ಸ್ನಿಗ್ಧತೆ 1.35 ಪಟ್ಟು ಆದರೆ ಗುಣಿಸಿ 1.12. ಕಳೆದುಕೊಂಡಿದ್ದು ವಾಪಸ್ ಬಂತು, ಎಣ್ಣೆಯ ಹರಿವಿಗೂ ಬಾಗೋ ಕ್ರ್ಯಾಂಕಿಗೂ ಜಾಗ ಸಿಕ್ಕಿತು. ಶೆಲ್‌ಗಳು ದಪ್ಪದ ಪ್ರಕಾರ ಬಣ್ಣದ ಗ್ರೇಡಿನಲ್ಲಿ ಸಿಗ್ತವೆ. ಜೋಡಿಯಲ್ಲಿ ಒಂದು ಅರೆಯನ್ನ 5 ಮೈಕ್ರಾನ್ ತೆಳ್ಳಗಿನದಕ್ಕೆ ಬದಲಿಸಿದರೆ ಕ್ಲಿಯರೆನ್ಸ್ 5 ಮೈಕ್ರಾನ್ ಹೆಚ್ಚುತ್ತೆ, ಎರಡನ್ನೂ ಬದಲಿಸಿದರೆ 10. ಹಾಗೆ ಜೋಡಿಸಿ ಐದೂ ಬೇರಿಂಗುಗಳನ್ನ 0.053ರಿಂದ 0.057ರ ಒಳಗೆ ತಂದೆವು.

ಕೊನೆಯ ಹಾದಿ

ರೆನಾಲ್ಡ್ಸ್ ಮೇಷ್ಟ್ರಿಗೆ 1877ರಲ್ಲಿ ರಾಯಲ್ ಸೊಸೈಟಿಯ ಫೆಲೋ ಪಟ್ಟ ಸಿಕ್ಕಿತ್ತು, 1888ರಲ್ಲಿ ಅದರ ರಾಯಲ್ ಮೆಡಲ್. 1895ರಲ್ಲಿ ಟರ್ಬುಲೆನ್ಸ್ ಲೆಕ್ಕ ಹಾಕೋ ದಾರಿಯನ್ನ ಹಾಕಿಕೊಟ್ಟರು. ಸಿಎಫ್‌ಡಿ ಸಾಫ್ಟ್‌ವೇರ್ ತೆರೆಯೋರಿಗೆ ಇವತ್ತಿಗೂ ರೆನಾಲ್ಡ್ಸ್ ಸ್ಟ್ರೆಸ್ ಎದುರಾಗುತ್ತೆ. ಕೊನೆಯ ವರ್ಷಗಳಲ್ಲಿ ಇಡೀ ವಿಶ್ವವೇ ಒತ್ತಿ ತುಂಬಿದ ಸಣ್ಣ ಸಣ್ಣ ಗೋಲಿಗಳಿಂದ ಆಗಿದೆ ಅನ್ನೋ ಸಿದ್ಧಾಂತ ಕಟ್ಟಿ 1903ರಲ್ಲಿ ಪುಸ್ತಕ ಮಾಡಿದರು. ಅದನ್ನ ಯಾರೂ ಒಪ್ಪಲಿಲ್ಲ, ವಿಜ್ಞಾನ ಬೇರೆ ದಾರಿ ಹಿಡಿದಿತ್ತು. 1904ರಲ್ಲಿ ಜಾನ್ ಕಾಲಿಯರ್ ಬಿಡಿಸಿದ ಅವರ ಚಿತ್ರದಲ್ಲಿ ಕೈಯಲ್ಲಿ ಗೋಲಿಗಳ ಬಟ್ಟಲಿದೆ. ಮನಸ್ಸು ಎಲ್ಲಿತ್ತು ಅಂತ ಅದೇ ಹೇಳುತ್ತೆ.

ಆರೋಗ್ಯ ಕೈಕೊಟ್ಟು, ನೆನಪು ಮಂಕಾಗಿ 1905ರಲ್ಲಿ ನಿವೃತ್ತರಾದರು. ಅದೇ 1905ರಲ್ಲಿ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಟರ್ಬೋಚಾರ್ಜರಿನ ಮೊದಲ ಪೇಟೆಂಟ್ ತಗೊಂಡರು. 1908ರಲ್ಲಿ ಸೊಮ್ಮರ್‌ಫೆಲ್ಡ್ ಆ ಪ್ರಸಿದ್ಧ ಸಂಖ್ಯೆಗೆ ರೆನಾಲ್ಡ್ಸ್ ಹೆಸರಿಟ್ಟರು. 1912ರ ಫೆಬ್ರವರಿ 21ರಂದು ಸಾಮರ್ಸೆಟ್‌ನ ವಾಚೆಟ್ ಅನ್ನೋ ಸಣ್ಣ ಬಂದರು ಊರಿನಲ್ಲಿ ಮೇಷ್ಟ್ರು ತೀರಿಕೊಂಡರು. ಟರ್ಬೋ ಎಂಜಿನ್ನಿನ ಮೇನ್ ಬೇರಿಂಗನ್ನ ಅವರು ನೋಡಿರಲಿಕ್ಕಿಲ್ಲ. ಅದರೊಳಗಿನ ಎಣ್ಣೆ ಹೇಗೆ ನಡೆದುಕೊಳ್ಳುತ್ತೆ ಅಂತ ಮಾತ್ರ ಬರೆದಿಟ್ಟಿದ್ದರು.

ಅವರ ಸಮೀಕರಣದಲ್ಲಿ ವೇಗ ಸೊನ್ನೆಯಾದರೆ ಒತ್ತಡವೂ ಸೊನ್ನೆ. ನಿಂತ ಎಂಜಿನ್ನಿನಲ್ಲಿ ಕ್ರ್ಯಾಂಕು ಶೆಲ್ಲಿನ ಮೇಲೇ ಕೂತಿರುತ್ತೆ, ಸ್ಟಾರ್ಟ್ ಮಾಡೋ ಮೊದಲ ಕ್ಷಣಗಳೇ ಸವೆತದ ಕ್ಷಣ. ಅದಕ್ಕೇ ನಾವು ಮೊದಲ ಸಲ ಕೀಲಿ ತಿರುಗಿಸೋ ಮುಂಚೆ ಪ್ರತಿ ಶೆಲ್ಲಿಗೂ ಅಸೆಂಬ್ಲಿ ಲೂಬ್ ಹಚ್ಚಿ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಗೇಜಿನ ಮುಳ್ಳು ಏಳೋವರೆಗೂ ಸ್ಟಾರ್ಟರಿನಲ್ಲಿ ಕ್ರ್ಯಾಂಕು ತಿರುಗಿಸಿದೆವು. ಆಮೇಲೆ ಎಂಜಿನ್ ಹಿಡೀತು. ಈಗ ಬೂಸ್ಟ್ ಕಡಿಮೆ ಇಟ್ಟು ಓಡಿಸ್ತಾ ಇದ್ದೀವಿ.

ಇಪ್ಪತ್ತು ಗಂಟೆ ಓಡಿದ ಮೇಲೆ ಸಂಪ್ ಇಳಿಸಿ ಮೂರನೇ ಮೇನ್ ಕ್ಯಾಪ್ ಬಿಚ್ಚಿ ನೋಡ್ತೀವಿ. ಶೆಲ್ಲಿನ ಮೈ ಮಂಕು ಬೂದು ಬಣ್ಣದಲ್ಲಿ ಸಮನಾಗಿದ್ದರೆ ಮೇಷ್ಟ್ರ ಎಣ್ಣೆ ತನ್ನ ಕೆಲಸ ಮಾಡಿದೆ ಅಂತ. ಅಂಚಿನಲ್ಲಿ ಹೊಳಪು ಬಂದಿದ್ದರೆ ನಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಬೋರ್ಡು ಅಳಿಸಿ ಮತ್ತೆ ಬರೀಬೇಕು. ಎರಡರಲ್ಲಿ ಯಾವುದಾದ್ರೂ ಮುಂದಿನ ಸಂಚಿಕೆಯಲ್ಲಿ ಫೋಟೋ ಸಮೇತ ಹಾಕ್ತೀವಿ. ಬಿಚ್ಚೋ ದಿನ ಬರೋರು ವರ್ಕ್‌ಶಾಪಿಗೆ ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.